ಕಲ್ಲುಬಯಲಿನ ಮೇಲೊಂದು ದಿನ

ಬರಿಯ ಹುಲ್ಲನ್ನು ನೋಡುವುದಕ್ಕಾಗಿ ಜನರು ನೂರಾರು ಮೈಲಿ ಪ್ರಯಾಣ ಮಾಡುವರೆಂದರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಹುಲ್ಲು ಇರುವುದು ದನಕ್ಕೆ, ಇಲ್ಲವೆ ಮನೆಯ ಮಾಡಿಗೆ. ನೋಡಿ ಬರುವುದಕ್ಕೆ ದೇವಸ್ಥಾನಗಳಿವೆ, ಜಾತ್ರೆಗಳಿವೆ ಎಂಬುದು ಅವರ ಎಣಿಕೆ. ಆದರೆ ಕಾಲ ಬದಲಾಗಿದೆ. ಯಾವುದು ಎಲ್ಲೆಲ್ಲಿಯೂ ಇತ್ತೋ ಅದೇ ಇಂದು ಹುಡುಕಿಕೊಂಡು ಹೋಗಿ ನೋಡಬೇಕಾದ ವಸ್ತುವಾಗಿದೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ವಾಚಕರು ಕೆಲವರು ಅಲ್ಲಿನ ‘ಪ್ರೇರಿ’ ಎಂಬ ಹುಲ್ಲುಬಯಲನ್ನು ಕಂಡು ಬಂದುದನ್ನು ಬಲು ಸಂಭ್ರಮದಿಂದ ಹೇಳುವುದುಂಟು.

ಆ ದೇಶದ ನಡುಭಾಗದಲ್ಲಿ ಒಂದು ಕಾಲಕ್ಕೆ ಸುಮಾರು ೧೭ ಕೋಟಿ ಎಕರೆಗಳಷ್ಟು ನೆಲದಲ್ಲಿ ಆಳೆತ್ತರದ ಹುಲ್ಲು ಬೆಳೆದು ನಿಂತಿತ್ತು. ೧೮೩೭ರಲ್ಲಿ ಜಾನ್ ಡೀರ್ ಎಂಬ ಕಮ್ಮಾರನು ಉಕ್ಕಿನ ನೇಗಿಲನ್ನು ಮಾಡಿದನು. ೧೮೬೨ರಲ್ಲಿ ಬಂದ ಕಾನೂನು ಸಾಗುವಳಿಗೆ ಮುಂದಾದ ಕುಟುಂಬಕ್ಕೆ ೧೬೦ ಎಕರೆಯಂತೆ ಭೂಮಿಯನ್ನು ಹಂಚತೊಡಗಿತು. ಈ ಎರಡೂ ಸೇರಿ ಹುಲ್ಲುಬಯಲನ್ನು ಉತ್ತು ಮುಗಿಸಿದವು. ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ. ಉಳಿದುದರಲ್ಲಿ ಒಂದಿಷ್ಟನ್ನು ಕಾನ್ಸಸ್ ಸಂಸ್ಥಾನದಲ್ಲಿ ೧೯೯೬ರಿಂದ ರಾಷ್ಟ್ರೀಯ ರಕ್ಷಿತ ತಾಣವನ್ನಾಗಿ ಕಾಯುತ್ತಿದ್ದಾರೆ. ಹುಲ್ಲಿನ ನಡುವೆ ಕಾಲುಹಾದಿಗಳಿವೆ. ಹಿಂದಿನ ಕಾಲದ ಕಲ್ಲಿನ ಮನೆ, ಕೊಟ್ಟಿಗೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅಯೋವಾದಲ್ಲಿ ೧೯೭೦ರಲ್ಲಿ ಸ್ಥಾಪನೆಯಾದ ಒಂದು ‘ಜೀವಂತ ಇತಿಹಾಸ’ದ ಹೊಲಮನೆಯಲ್ಲಂತೂ ಹಳೆಯ ಉಡುಪು ತೊಟ್ಟವರು ಹಳೆಯ ರೀತಿಯಲ್ಲಿಯೇ ಉತ್ತು, ಬಿತ್ತಿ, ಅಡಿಗೆ ಮಾಡಿ ತೋರಿಸುತ್ತಾರೆ. ಇವೆಲ್ಲವೂ ಮೆಚ್ಚತಕ್ಕವೇ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಕಾನ್ಸಸ್ ಎಂಬ ಹೆಸರು ಬಂದುದು ಅಲ್ಲಿನ ಮೂಲನಿವಾಸಿಗಳಾದ ಕಾನ್ಸಾ ಜನರಿಂದ. ಆ ಜನರನ್ನು ೧೮೭೩ರಲ್ಲಿ ಅಲ್ಲಿಂದ ಎಬ್ಬಿಸಿ ಬೇರೆಡೆಗೆ ಸಾಗಿಸಲಾಯಿತು. ನೆಲಕ್ಕೆ ಹೆಸರು ಉಳಿಯಿತು. ಹೆಸರು ಕೊಟ್ಟವರು ಅಲ್ಲಿ ಉಳಿಯಲಿಲ್ಲ. ಕಾಪಿಟ್ಟ ಇತಿಹಾಸವನ್ನು ನೋಡಲು ಹೋದವರು ‘ಇಲ್ಲಿ ಯಾರು ಕಾಣುತ್ತಾರೆ?’ ಎಂಬುದರೊಡನೆ ‘ಇಲ್ಲಿ ಯಾರು ಕಾಣುತ್ತಿಲ್ಲ?’ ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಹುಲ್ಲುಬಯಲು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಕೊಂಕಣದಿಂದ ಮಲಬಾರಿನವರೆಗೆ, ಕಡಲಿಗೂ ಘಟ್ಟಕ್ಕೂ ನಡುವೆ, ಕೆಂಪುಕಲ್ಲಿನ ಚಪ್ಪಟೆ ನೆತ್ತಿಯ ಗುಡ್ಡಗಳು ಸಾಲಾಗಿ ಹಬ್ಬಿವೆ. ಇವೇ ನಮ್ಮ ಸೀಮೆಯ ಹುಲ್ಲುಬಯಲುಗಳು. ಕಾಸರಗೋಡಿನ ನಮ್ಮ ಬಂಧುಗಳು ಇವನ್ನು ‘ಪದವು’ ಎನ್ನುತ್ತಾರೆ. ಗೋವೆಯ ಕೊಂಕಣಿಯಲ್ಲಿ ಇದಕ್ಕೆ ‘ಸಡಾ’ ಎಂದು ಹೆಸರು. ವಾಸ್ಕೊದ ಹೆಡ್‌ಲ್ಯಾಂಡ್ ಸಡಾದಲ್ಲಿ ನಮ್ಮ ಎಷ್ಟೋ ಕನ್ನಡ ಕುಟುಂಬಗಳು ಎರಡು ಮೂರು ತಲೆಮಾರುಗಳಿಂದ ಬಾಳುತ್ತಿವೆ. ದಿನಕ್ಕೆ ಹತ್ತು ಬಾರಿ ಆ ಹೆಸರನ್ನು ಹೇಳುತ್ತೇವೆ. ಅದು ಬರಿಯ ಬಡಾವಣೆಯ ಹೆಸರಲ್ಲ, ಕಾಲಕೆಳಗಿನ ಕಲ್ಲುಬಯಲಿನ ಹೆಸರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಆ ಕಲ್ಲಿನ ಹೆಸರಿಗೂ ಒಂದು ಸ್ವಾರಸ್ಯವುಂಟು. ಇಂಗ್ಲಿಷಿನವರು ಇದನ್ನು ‘ಲ್ಯಾಟರೈಟ್’ ಎನ್ನುತ್ತಾರೆ. ಟಿಪ್ಪುವಿನ ಪತನಾನಂತರ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಕೊಟ್ಟನು. ಇಲ್ಲಿನ ಜನ ಇದನ್ನು ‘ಇಟ್ಟಿಗೆ ಕಲ್ಲು’ ಎನ್ನುತ್ತಾರೆಂದು ಅವನೇ ಬರೆದುಕೊಂಡಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅಂದಮೇಲೆ ಇಡೀ ಜಗತ್ತಿನ ಭೂವಿಜ್ಞಾನಿಗಳು ಇಂದು ಬಳಸುವ ಶಬ್ದವು ನಮ್ಮ ಕಲ್ಲುಕುಟಿಗರ ಮಾತಿನ ಅನುವಾದವೆಂದಾಯಿತು! ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಆ ಇಟ್ಟಿಗೆ ಇದ್ದೇ ಇದೆ. ನೆಲದೊಳಗೆ ಇರುವವರೆಗೆ ಈ ಕಲ್ಲು ಮೆದು, ಕೊಡಲಿಯಿಂದಲೂ ಕಡಿಯಬಹುದು. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಊರು ಬಿಟ್ಟು ಬಂದ ನಮ್ಮವರ ಬಾಳಿಗೂ ಇದಕ್ಕೂ ಏನೋ ಹೋಲಿಕೆ ಇದೆಯೆಂದು ನಮಗೆ ತೋರುತ್ತದೆ.

ಕಳೆದ ಗಾಂಧಿ ಜಯಂತಿಯ ರಜೆಯಂದು ವಾಸ್ಕೊ, ಮಡಗಾಂವುಗಳ ಏಳೆಂಟು ಕನ್ನಡ ಕುಟುಂಬಗಳು ಕೂಡಿ ಒಂದು ಸಣ್ಣ ಬಸ್ಸು ಗೊತ್ತುಮಾಡಿಕೊಂಡು ಹೊರಟೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಸಮುದ್ರತೀರಕ್ಕೆ ಹೋಗಬಾರದೆಂಬುದು ಮೊದಲೇ ಆದ ಒಪ್ಪಂದ. ಗೋವೆ ಎಂದರೆ ಬರಿಯ ಕಡಲಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಬೇಕೆಂಬುದೇ ನಮ್ಮ ಹಂಬಲವಾಗಿತ್ತು.

ಮಡಗಾಂವಿನಿಂದ ಕೇಪೆಯ ಕಡೆಗೆ ಸಾಗುವ ದಾರಿಯಲ್ಲಿ ಒಂದು ಸಡೆಯ ಮೇಲೆ ಮೊದಲು ಇಳಿದೆವು. ದೂರದಿಂದ ನೋಡಿದರೆ ಅಲ್ಲಿ ಏನೂ ಇಲ್ಲ: ಕರಿಗೆಂಪು ಬಂಡೆ, ಅಲ್ಲಲ್ಲಿ ಮೊಳಕಾಲೆತ್ತರದ ಹುಲ್ಲು. ಬೇಸಗೆಯಲ್ಲಿ ಬಂದಿದ್ದರೆ ಕಾಲಿಡಲೂ ಆಗದಷ್ಟು ಸುಡುವ ಜಾಗ. ಆದರೆ ಮಳೆಗಾಲದ ಕೊನೆಯ ಆ ದಿನಗಳಲ್ಲಿ ಬಂಡೆಯ ತಗ್ಗುಗಳಲ್ಲಿ ನೀರು ನಿಂತಿತ್ತು; ಆ ನೀರಿನ ಅಂಚಿನಲ್ಲಿ ಕಂಡೂ ಕಾಣದಷ್ಟು ಸಣ್ಣ ನೀಲಿ ಹೂಗಳು ಒಂದೇ ಚಾಪೆ ಹಾಸಿದಂತೆ ಅರಳಿದ್ದವು. ಮಲಯಾಳಿಗಳು ಓಣಂ ಹಬ್ಬದ ರಂಗವಲ್ಲಿಗೆ ಬಳಸುವ ‘ಕಾಕ್ಕಪ್ಪೂ’ ಇದೇ ಕುಲದ್ದೆಂದು ಕಾಸರಗೋಡಿನ ಕಡೆಯ ಒಬ್ಬ ತಾಯಿ ಕೂಡಲೇ ಗುರುತಿಸಿದರು. ಶಾಸ್ತ್ರಜ್ಞರು ಕೊಟ್ಟ ಹೆಸರು ಯುಟ್ರಿಕ್ಯುಲೇರಿಯಾ.

ನೋಡಲು ಇಷ್ಟು ಸೌಮ್ಯವಾದ ಈ ಗಿಡ ಮಾಂಸಾಹಾರಿಯೆಂದು ತಿಳಿದಾಗ ಮಕ್ಕಳ ಕಣ್ಣು ಅರಳಿತು. ಈ ಕಲ್ಲಿನ ಮೇಲೆ ಮಣ್ಣು ತೀರ ತೆಳು. ಮಳೆ ಎಲ್ಲ ಸತ್ವವನ್ನೂ ತೊಳೆದುಕೊಂಡು ಹೋಗುತ್ತದೆ. ಗಿಡಕ್ಕೆ ಬೇಕಾದ ಸಾರಜನಕ ನೆಲದಲ್ಲಿ ಸಿಗದು. ಆದುದರಿಂದ ಅದು ಬೇರೆ ದಾರಿ ಹುಡುಕಿಕೊಂಡಿದೆ. ಒದ್ದೆ ನೆಲದೊಳಗೆ, ನೀರಿನೊಳಗೆ ಸಾಸಿವೆಗಿಂತಲೂ ಸಣ್ಣ ಚೀಲಗಳನ್ನು ಹರಡಿರುತ್ತದೆ. ಚೀಲದ ಬಾಗಿಲಿನ ರೋಮಕ್ಕೆ ಯಾವುದಾದರೂ ಸೂಕ್ಷ್ಮಜೀವಿ ತಾಗಿತೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟರಲ್ಲಿ ಬಾಗಿಲು ತೆರೆದು, ನೀರಿನೊಡನೆ ಜೀವಿಯನ್ನೂ ಒಳಗೆಳೆದುಕೊಂಡು ಮುಚ್ಚಿಬಿಡುತ್ತದೆ. ಪಕ್ಕದಲ್ಲಿಯೇ ಡ್ರೋಸೆರಾ ಎಂಬ ಇನ್ನೊಂದು ಗಿಡ. ಅದರ ಎಲೆಯ ತುಂಬ ಇಬ್ಬನಿಯಂತೆ ಹೊಳೆಯುವ ಅಂಟುಹನಿ. ಸಿಹಿಯೆಂದು ಬಂದು ಕುಳಿತ ಸೊಳ್ಳೆಗೆ ಮರಳಿ ಹೋಗುವ ದಾರಿಯಿಲ್ಲ. ‘ಪಾಳುಭೂಮಿ’ ಎಂದು ದಾಖಲೆಗಳಲ್ಲಿ ಬರೆಯುವ ನೆಲದಲ್ಲಿ ಇಷ್ಟೆಲ್ಲ ಸಂಸಾರ ನಡೆದಿರುತ್ತದೆ! ಮಳೆ ನಿಂತು ನೆಲ ಒಣಗುತ್ತ ಬಂದಂತೆ ಈ ಗಿಡಗಳು ಬೀಜ ಚೆಲ್ಲಿ ಮಾಯವಾಗುತ್ತವೆ. ಮತ್ತೆ ಮುಂದಿನ ಮುಂಗಾರಿಗೇ ಅವುಗಳ ದರ್ಶನ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಎಂಬ ಇಂಥದೇ ಕಲ್ಲುಬಯಲು ೨೦೧೨ರಲ್ಲಿ ಪಶ್ಚಿಮಘಟ್ಟಗಳ ವಿಶ್ವ ಪರಂಪರೆಯ ತಾಣಗಳಲ್ಲಿ ಒಂದೆಂದು ಸೇರ್ಪಡೆಯಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಹೂವಿಗಿಂತ ಹೆಚ್ಚಿನದು ನೀರು. ಗೋವೆಯಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ; ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಕೆಂಪುಕಲ್ಲು ಜೇನುಹುಟ್ಟಿನಂತೆ ತೂತುತೂತಾದುದರಿಂದ ಆ ಮಳೆಯಲ್ಲಿ ಒಂದು ಭಾಗವನ್ನು ಒಳಗೆಳೆದುಕೊಳ್ಳುತ್ತದೆ. ಕೆಳಗಿನ ಜೇಡಿಯ ಪದರಕ್ಕೆ ತಾಗಿದ ನೀರು ಅಡ್ಡಡ್ಡವಾಗಿ ಜಿನುಗಿ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗೋವೆಯ ಗುಡ್ಡದ ಅಡಿಯ ತೆಂಗು ಅಡಿಕೆಯ ತೋಟಗಳೂ, ಬಾವಿಗಳೂ ಬದುಕಿರುವುದು ಈ ಒರತೆಗಳಿಂದ. ಕಾಸರಗೋಡಿನ ಹಿರಿಯರು ಇದೇ ಗುಟ್ಟನ್ನು ಅರಿತು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ಅಂಗಳಕ್ಕೇ ನೀರು ಹರಿಸಿಕೊಂಡರು. ಮೇಲಿನ ಬಯಲು ತಾಯಿಯಾದರೆ ಕೆಳಗಿನ ತೋಟ ಅವಳ ಮಡಿಲ ಮಗು. ತಾಯಿಗೆ ಆದ ಗಾಯ ಮಗುವಿಗೆ ತಟ್ಟದೆ ಇರದು.

ಈ ಮಾತಿಗೆ ಬೇರೆಲ್ಲಿಂದಲೋ ಉದಾಹರಣೆ ತರಬೇಕಾಗಿಲ್ಲ. ಕಾಸರಗೋಡಿನ ಪದವುಗಳನ್ನು ಬರಡು ನೆಲವೆಂದೇ ಬಗೆದು ಗೇರುತೋಪುಗಳನ್ನು ಎಬ್ಬಿಸಿದರು. ಸುಮಾರು ಎರಡು ದಶಕಗಳ ಕಾಲ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಅವುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸಿದರು. ಮೇಲೆ ಬಿದ್ದುದು ಮಳೆನೀರಿನೊಡನೆ ಕೆಳಗಿನ ತೊರೆಗೆ, ಕೊಳಕ್ಕೆ, ಸುರಂಗಕ್ಕೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಹಳ್ಳಿಗಳ ಮನೆಮನೆಯ ಸಂಕಟ ನಮ್ಮ ವಾಚಕರಿಗೆ ತಿಳಿಯದ್ದಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಆ ವಿಷವನ್ನು ನಿಲ್ಲಿಸಿತು. ಒಂದು ನೆಲವನ್ನು ‘ಏನೂ ಇಲ್ಲದ್ದು’ ಎಂದು ಕರೆದುಬಿಟ್ಟರೆ ಅದರ ಮೇಲೆ ಏನು ಬೇಕಾದರೂ ಮಾಡಬಹುದೆಂಬ ಧೈರ್ಯ ಮನುಷ್ಯನಿಗೆ ಹೇಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಚಪ್ಪಟೆಯಾಗಿರುವುದೇ ಈ ಬಯಲುಗಳ ಪಾಲಿಗೆ ಮುಳುವಾಯಿತೆಂದರೂ ಸಲ್ಲುವುದು. ವಿಮಾನನಿಲ್ದಾಣಕ್ಕೆ ಸಮತಟ್ಟು ನೆಲ ಬೇಕು. ಗೋವೆಯ ದಾಬೋಳಿ, ಮಂಗಳೂರಿನ ಬಜಪೆ, ಮಲಬಾರಿನ ಕರಿಪುರ, ೨೦೧೮ರಲ್ಲಿ ಆರಂಭವಾದ ಕಣ್ಣೂರು, ೨೦೨೩ರ ಜನವರಿಯಿಂದ ವಿಮಾನಗಳು ಹಾರತೊಡಗಿದ ಮೋಪಾ — ಇವೆಲ್ಲವೂ ಕೆಂಪುಕಲ್ಲಿನ ಗುಡ್ಡದ ನೆತ್ತಿಯ ಮೇಲೆಯೇ ಇವೆ. ವೆರ್ಣಾದ ಕೈಗಾರಿಕಾ ವಸಾಹತು ಕೂಡ ಸಡೆಯ ಮೇಲಿನದೇ. ಇವು ಬೇಡವಾಗಿದ್ದವೆಂದು ನಾವು ಹೇಳಲಾರೆವು. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಅಲ್ಲಿನ ದುಡಿಮೆಯಿಂದ. ಆದರೆ ಎಲ್ಲ ಬಯಲುಗಳೂ ಹಾಗಾಗಬೇಕೆ, ಒಂದೆರಡಾದರೂ ಇದ್ದ ಹಾಗೆ ಉಳಿಯಬಾರದೆ ಎಂದು ಕೇಳುವ ಹಕ್ಕು ದುಡಿಯುವವನಿಗೂ ಇದೆ.

ಅಲ್ಲಿಂದ ಕೇಪೆ, ರಿವಣಗಳನ್ನು ದಾಟಿ ಉಸಗಾಳಿಮಳಕ್ಕೆ ಹೋದೆವು. ಪನ್ಸಾಯ್ಮಳ ಎಂದೂ ಇದಕ್ಕೆ ಹೆಸರು. ಕುಶಾವತಿ ನದಿಯ ತಿರುವಿನಲ್ಲಿ ಕೆಂಪುಕಲ್ಲಿನ ಒಂದು ವಿಶಾಲವಾದ ಹಾಸು. ಮಳೆಗಾಲದಲ್ಲಿ ನದಿ ಉಕ್ಕಿದಾಗ ಮುಳುಗಿ, ನೀರಿಳಿದಾಗ ಮತ್ತೆ ತಲೆಯೆತ್ತುತ್ತದೆ. ಊರವರಿಗೆ ಹಿಂದಿನಿಂದಲೂ ಗೊತ್ತಿದ್ದ ಈ ಹಾಸಿನ ಮೇಲಿನ ಕೆತ್ತನೆಗಳನ್ನು ೧೯೯೩ರಲ್ಲಿ ಗೋವೆಯ ಪುರಾತತ್ವ ಇಲಾಖೆಯ ಡಾ. ಪಿ. ಪಿ. ಶಿರೋಡಕರರು ಅಧ್ಯಯನಕ್ಕೆ ಒಳಪಡಿಸಿ ಲೋಕಕ್ಕೆ ತಿಳಿಸಿದರು. ನೂರಕ್ಕೂ ಹೆಚ್ಚು ಆಕೃತಿಗಳು: ಡುಬ್ಬದ ಎತ್ತು, ಕಾಡುಕೋಣ, ಜಿಂಕೆ, ನವಿಲು, ಮನುಷ್ಯರು, ಹೆರುವ ತಾಯಿ. ಎಲ್ಲಕ್ಕಿಂತ ಕುತೂಹಲಕರವಾದದ್ದು ಸುತ್ತಿನೊಳಗೆ ಸುತ್ತಾಗಿ ಕೊರೆದ ಚಕ್ರವ್ಯೂಹ. ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಬಹಳ ಹಿಂದಿನವೆಂಬುದರಲ್ಲಿ ಸಂದೇಹವಿಲ್ಲ. ರತ್ನಾಗಿರಿ, ಸಿಂಧುದುರ್ಗಗಳ ಸಡೆಗಳ ಮೇಲೆಯೂ ಇಂತಹ ಕೆತ್ತನೆಗಳು ದೊರೆತಿವೆ. ಅವುಗಳೊಡನೆ ಈ ತಾಣವೂ ಯುನೆಸ್ಕೊ ಸಂಸ್ಥೆಯ ಸಂಭಾವ್ಯ ಪಟ್ಟಿಗೆ ೨೦೨೨ರಲ್ಲಿ ಸೇರಿತು.

ಮಕ್ಕಳು ಚಪ್ಪಲಿ ಕಳಚಿಟ್ಟು, ಗೆರೆಗಳ ಮೇಲೆ ಕಾಲಿಡದಂತೆ ಎಚ್ಚರದಿಂದ ಸುತ್ತಿ ನೋಡಿದರು. ಇಲ್ಲಿ ಗೋಡೆಯಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಕೆತ್ತಿದವರ ಹೆಸರು ಇಲ್ಲ, ಅವರಾಡಿದ ಭಾಷೆ ಯಾವುದೆಂದು ಹೇಳುವವರಿಲ್ಲ. ಅವರು ಬೇಟೆಯಾಡಿದ ಮೃಗ, ಕಂಡು ಬೆರಗಾದ ಹೆರಿಗೆ, ಆಟವೋ ಆರಾಧನೆಯೋ ತಿಳಿಯದ ಆ ಚಕ್ರ — ಇಷ್ಟು ಮಾತ್ರ ಕಲ್ಲಿನಲ್ಲಿ ಉಳಿದಿದೆ. ನೆಲದ ಮೇಲೆ ಮೊದಲು ಬಂದವರು ತಾವೆಂದು ವಾದಿಸುವವರು ಒಮ್ಮೆ ಈ ಕಲ್ಲುಹಾಸಿನ ಮೇಲೆ ನಿಂತು ನೋಡಬೇಕು. ನಮಗಿಂತ ಮೊದಲು ಯಾರೋ ಬಂದಿದ್ದರು; ಅವರಿಗಿಂತ ಮೊದಲು ನದಿ ಇತ್ತು.

ಹಿಂದಿರುಗುವಾಗ ಚಾಂದೋರಿನ ಮೂಲಕ ಬಂದೆವು. ಇದೇ ಗೋವೆಯ ಕದಂಬರ ಚಂದ್ರಪುರ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿಂದಲೇ ರಾಜಧಾನಿ ಗೋಪಕಪಟ್ಟಣಕ್ಕೆ, ಎಂದರೆ ಇಂದಿನ ಗೋವಾ ವೆಲ್ಹಾದ ನೆಲಕ್ಕೆ, ಸಾಗಿತು. ಆ ಅರಸರ ಶಾಸನಗಳು ಕನ್ನಡದಲ್ಲಿ ವಿಪುಲವಾಗಿ ದೊರೆಯುತ್ತವೆ. ೧೯೮೦ರಲ್ಲಿ ಗೋವೆಯ ಸರಕಾರಿ ಬಸ್ಸು ಸಂಸ್ಥೆ ಸ್ಥಾಪನೆಯಾದಾಗ ಅದಕ್ಕೆ ಕದಂಬರ ಹೆಸರನ್ನೇ ಇಟ್ಟರು. ದಿನವೂ ಕೆಲಸಕ್ಕೆ ಹೋಗುವ ನಮ್ಮವರು ಆ ಹೆಸರಿನ ಬಸ್ಸನ್ನೇ ಏರುತ್ತಾರೆ. ಇದನ್ನು ಮಕ್ಕಳಿಗೆ ಹೇಳಿದೆವು, ಹೇಳಬೇಕಾದುದೇ. ಆದರೆ ಅರಸರ ಹೆಸರು ಹೇಳಿಕೊಂಡು ಬೀಗುವುದರಿಂದ ಇಂದಿನ ಬಾಳಿಗೆ ಬರುವುದೇನೂ ಇಲ್ಲ. ಅರಸರು ಬಂದು ಹೋದರು. ಕನ್ನಡವನ್ನು ಈ ನೆಲಕ್ಕೆ ಎರಡನೆಯ ಬಾರಿ ಹೊತ್ತುತಂದವರು ಅರಸರಲ್ಲ, ಬುತ್ತಿಗಂಟು ಹೊತ್ತವರು.

ಇಳಿಹೊತ್ತಿಗೆ ಲೊಟ್ಲಿಗೆ ಬಂದೆವು. ಲೌಟೋಲಿಂ ಎಂದು ಫಲಕಗಳಲ್ಲಿ ಬರೆಯುವ ಊರು ಇದೇ. ಕಲಾವಿದ ಮಹೇಂದ್ರ ಅಲ್ವಾರಿಸ್ ಅವರು ೧೯೯೫ರಲ್ಲಿ ತೆರೆದ ‘ಬಿಗ್ ಫುಟ್’ ಎಂಬ ಪ್ರದರ್ಶನ ಇಲ್ಲಿನ ಗುಡ್ಡದ ಇಳಿಜಾರಿನಲ್ಲಿದೆ. ಮರಗಳ ನೆರಳಿನಲ್ಲಿ ಕಾಲುಹಾದಿ ಹಿಡಿದು ನಡೆದರೆ ನೂರು ವರ್ಷದ ಹಿಂದಿನ ಗೋವೆಯ ಹಳ್ಳಿ ಒಂದೊಂದಾಗಿ ಎದುರಾಗುತ್ತದೆ: ರೈತನ ಮನೆ, ಮೀನುಗಾರನ ಗುಡಿಸಲು, ಭೂಮಾಲೀಕನ ಮನೆ, ಸಂತೆ, ಗೇರುಹಣ್ಣಿನ ಫೆನ್ನಿ ಇಳಿಸುವ ಬಟ್ಟಿ. ಆಳುಗಳ ಬೊಂಬೆಗಳು ತಮ್ಮ ತಮ್ಮ ಕೆಲಸದಲ್ಲಿ ಮಗ್ನವಾಗಿವೆ. ಅಲ್ವಾರಿಸ್ ಅವರೇ ೧೯೯೪ರಲ್ಲಿ ೩೦ ದಿನಗಳಲ್ಲಿ ಕೆಂಪುಕಲ್ಲಿನ ನೆಲದಲ್ಲಿ ಮಲಗಿದಂತೆ ಕೆತ್ತಿದ ಮೀರಾಬಾಯಿಯ ಶಿಲ್ಪ ೧೪ ಮೀಟರ್ ಉದ್ದ, ೫ ಮೀಟರ್ ಅಗಲವಾಗಿದೆ. ತಂಬೂರಿ ಹಿಡಿದ ಮೀರೆಯನ್ನು ಗೋವೆಯ ಗುಡ್ಡದಲ್ಲಿ ಕಂಡು ನಮ್ಮ ಹೆಂಗಸರು ಕೈಮುಗಿದರು. ತಾಣಕ್ಕೆ ಹೆಸರು ತಂದ ‘ದೊಡ್ಡ ಹೆಜ್ಜೆ’ಯ ಕಥೆಯೂ ಇಲ್ಲಿದೆ. ಮಹಾದರನೆಂಬ ಸಿರಿವಂತನು ಇದ್ದುದೆಲ್ಲವನ್ನೂ ಬಡವರಿಗೆ ಹಂಚಿ, ಕಡೆಗೆ ಸುಡುವ ಬಂಡೆಯ ಮೇಲೆ ಒಂಟಿಕಾಲಿನಲ್ಲಿ ನಿಂತು ಪ್ರಾರ್ಥಿಸಿದನಂತೆ. ಅವನ ಹೆಜ್ಜೆ ಕಲ್ಲಿನಲ್ಲಿ ಮೂಡಿತಂತೆ.

ಬೊಂಬೆಗಳನ್ನು ನೋಡಿಕೊಂಡು ಬರುತ್ತಿದ್ದಂತೆ ನಮ್ಮ ಗುಂಪಿನ ಎಂಟು ವರ್ಷದ ಬಾಲಕಿಯೊಬ್ಬಳು, “ಇದರಲ್ಲಿ ನಮ್ಮವರು ಯಾರು?” ಎಂದು ಕೇಳಿಬಿಟ್ಟಳು. ಶಾಲೆಯಲ್ಲಿ ಯಾರೋ ತನ್ನನ್ನು ‘ಘಾಂಟಿ’ ಎಂದು ಕರೆದರೆಂದು ಹಿಂದಿನ ವಾರವೇ ಅವಳು ಅತ್ತಿದ್ದಳಂತೆ. ಘಟ್ಟದ ಮೇಲಿನವರೆಂಬುದಷ್ಟೇ ಅದರ ಅರ್ಥ. ಆಡುವ ಬಗೆಯಲ್ಲಿ ಮಾತ್ರ ಮುಳ್ಳಿದೆ. ಅವಳ ಪ್ರಶ್ನೆಗೆ ಥಟ್ಟನೆ ಯಾರೂ ಉತ್ತರ ಕೊಡಲಿಲ್ಲ.

ಕೊಟ್ಟವರು ನಮ್ಮೊಡನೆ ಬಂದಿದ್ದ ಒಬ್ಬ ಹಿರಿಯರು. ಬಾದಾಮಿಯ ಕಡೆಯವರು, ಮೂವತ್ತು ವರ್ಷ ಗೋವೆಯ ಕಲ್ಲುಕಣಿಗಳಲ್ಲಿ ದುಡಿದವರು. ಹೆಚ್ಚು ಮಾತಿನವರಲ್ಲ. ಅವರು ಸುಮ್ಮನೆ ರೈತನ ಮನೆಯ ಗೋಡೆಯ ಕಡೆಗೆ ಕೈತೋರಿ, ಇಂಥ ಕಲ್ಲನ್ನು ಹೇಗೆ ತೆಗೆಯುವರೆಂದು ಹೇಳತೊಡಗಿದರು. ಮೊದಲು ಮೇಲಿನ ಮಣ್ಣು, ಕರಿ ಚಿಪ್ಪು ತೆಗೆಯಬೇಕು. ದಾರ ಹಿಡಿದು ಗೆರೆ ಹಾಕಬೇಕು. ಗೆರೆಯ ಗುಂಟ ಗುದ್ದಲಿಯಿಂದ ಗೇಣಗಲದ ಸಂದು ತೋಡಬೇಕು. ಆಮೇಲೆ ಬುಡಕ್ಕೆ ಹಾರೆ ಕೊಟ್ಟು ಒಂದೇ ಹದಕ್ಕೆ ಎತ್ತಬೇಕು. ಹದ ತಪ್ಪಿದರೆ ಕಲ್ಲು ಎರಡಾಗುವುದು, ದಿನದ ಕೂಲಿಯಲ್ಲಿ ಅಷ್ಟು ಹೋಯಿತು. ಎತ್ತಿದ ಕಲ್ಲಿನ ಆರು ಮುಖವನ್ನೂ ಕೊಡಲಿಯಿಂದ ಹೊಡೆದು ನಯ ಮಾಡಬೇಕು. ಕಲ್ಲಿನ ದನಿಯಿಂದಲೇ ಅದು ಗಟ್ಟಿಯೋ ಟೊಳ್ಳೋ ತಿಳಿಯುವುದು. ತಮ್ಮೂರಿನ ಕಲ್ಲು ಉಳಿಯ ಮಾತು ಕೇಳುತ್ತದೆ, ಇಲ್ಲಿನದು ಕೊಡಲಿಯ ಮಾತು ಕೇಳುತ್ತದೆ, ಅದನ್ನು ತಿಳಿಯಲು ತಮಗೆ ಒಂದು ಮಳೆಗಾಲ ಬೇಕಾಯಿತು ಎಂದರು. ಈಗ ಚಕ್ರದ ಗರಗಸ ಬಂದಿದೆ. ಗುದ್ದಲಿ ಹಿಡಿಯುವವರು ಕಡಿಮೆ.

ಅವರು ಹೇಳುತ್ತಿದ್ದಂತೆ ಮಕ್ಕಳೆಲ್ಲ ಬೊಂಬೆಗಳನ್ನು ಬಿಟ್ಟು ಅವರ ಸುತ್ತ ನೆರೆದರು. ಬಾಲಕಿ ಅವರ ಅಂಗೈಯ ಗಂಟುಗಳನ್ನು ಮುಟ್ಟಿ ನೋಡಿದಳು. ಹತ್ತಿರ ನಿಂತಿದ್ದ ಗೋವೆಯ ಒಂದು ಕುಟುಂಬವೂ ಕಿವಿಗೊಟ್ಟಿತು. ಆ ಮನೆಯ ಅಜ್ಜ ಕೊಂಕಣಿಯಲ್ಲಿ ಏನೋ ಕೇಳಿದರು; ನಮ್ಮ ಹಿರಿಯರು ಕೊಂಕಣಿಯಲ್ಲಿಯೇ ಉತ್ತರಿಸಿದರು. ತಮ್ಮ ಮನೆಯ ಬಾವಿಗೆ ಕಲ್ಲು ಕಟ್ಟಿದವರೂ ಘಟ್ಟದ ಮೇಲಿನವರೇ, ಆ ಬಾವಿ ಇಂದಿಗೂ ಒಂದು ಕಲ್ಲೂ ಜಾರದೆ ನಿಂತಿದೆಯೆಂದು ಆ ಅಜ್ಜ ಹೇಳಿದಾಗ ನಮ್ಮ ಹಿರಿಯರ ಮುಖದಲ್ಲಿ ಕಂಡ ಕಳೆಯನ್ನು ವರ್ಣಿಸುವುದು ಕಷ್ಟ. ಅಷ್ಟು ಹೊತ್ತು ನಾವು ನೋಡುತ್ತಿದ್ದುದು ಪ್ರದರ್ಶನ. ಇದು ಜೀವಂತ ಇತಿಹಾಸ.

ಇದರಲ್ಲಿ ಪ್ರದರ್ಶನ ಮಾಡಿದವರ ದೋಷವನ್ನು ಹುಡುಕುವುದು ನ್ಯಾಯವಲ್ಲ. ಅವರು ತೋರಿಸಹೊರಟದ್ದು ತಮ್ಮ ಹಳ್ಳಿಯ ಹಳೆಯ ಬಾಳನ್ನು. ಅದನ್ನು ಪ್ರೀತಿಯಿಂದ ಮಾಡಿದ್ದಾರೆ. ನಮ್ಮವರು ಬಹುಮಟ್ಟಿಗೆ ಬಂದುದು ೧೯೬೧ರಲ್ಲಿ ಗೋವೆ ವಿಮೋಚನೆ ಹೊಂದಿದ ಬಳಿಕ: ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಯ ಕಡೆಗಳಿಂದ, ಬಂದರಿಗೆ, ಅದಿರಿನ ಗಣಿಗೆ, ಕಟ್ಟಡದ ಕೆಲಸಕ್ಕೆ. ಆ ಕಥೆಯನ್ನು ಬೇರೆಯವರು ಬೊಂಬೆ ಮಾಡಿ ನಿಲ್ಲಿಸಲೆಂದು ಕಾಯುವುದು ಸರಿಯಲ್ಲ. ಅದನ್ನು ಕಾಪಿಡಬೇಕಾದವರು ನಾವು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಸಡೆಗಳನ್ನು ಕಡಿದ ಕೈಗಳಲ್ಲಿ ನಮ್ಮವರ ಕೈಗಳೂ ಇವೆ. ಹೊಟ್ಟೆಪಾಡಿಗಾಗಿ ಕಡಿದರು, ಇನ್ನೊಬ್ಬರ ಅಪ್ಪಣೆಯಂತೆ ಕಡಿದರು ಎಂಬುದು ನಿಜ. ಹಾಗೆಂದು ಉಳಿದ ಬಯಲಿನ ಮೇಲೆ ನಮಗೆ ಅಕ್ಕರೆ ಇರಬಾರದೆಂದೇನೂ ಇಲ್ಲ. ಕಲ್ಲಿನ ಒಳಗನ್ನು ಅದನ್ನು ಕಡಿದವನಿಗಿಂತ ಹೆಚ್ಚಾಗಿ ಬಲ್ಲವರು ಯಾರು? ಯಾವ ಕಣಿಯಲ್ಲಿ ಒರತೆ ಒಡೆಯಿತು, ಯಾವ ಗುಡ್ಡ ಬತ್ತಿತು ಎಂಬುದನ್ನು ಅವನಷ್ಟು ಚೆನ್ನಾಗಿ ಹೇಳಬಲ್ಲವರು ಬೇರೆ ಯಾರು?

ಹಳೆಯ ಬಾಳನ್ನು ಬಯಲಿನಲ್ಲಿ ಕಾಪಿಡುವ ವಿಚಾರ ಹೆಸರುವಾಸಿಯಾಗಿ ಮೈಗೂಡಿದ್ದು ಸ್ವೀಡನ್ ದೇಶದ ಸ್ಕಾನ್ಸನ್‌ನಲ್ಲಿ, ೧೮೯೧ರಲ್ಲಿ. ಕನ್ನಡ ನಾಡಿನಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ೧೯೯೪ರಲ್ಲಿ ಉದ್ಘಾಟನೆಯಾಯಿತು; ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳುತ್ತಿದ್ದ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮತ್ತೆ ನಿಲ್ಲಿಸಿದರು. ಗೋವೆಯ ಬಾಣಾವಲಿಯಲ್ಲಿ ವಿಕ್ಟರ್ ಹ್ಯೂಗೊ ಗೋಮ್ಸ್ ಅವರು ‘ಗೋವಾ ಚಿತ್ರ’ ಎಂಬ ಸಂಗ್ರಹದಲ್ಲಿ ನೇಗಿಲು, ಗಾಣ, ಮಡಕೆಗಳನ್ನು ಸಾವಿರಗಟ್ಟಲೆಯಾಗಿ ಕೂಡಿಸಿದ್ದಾರೆ. ಇವರೆಲ್ಲರೂ ಮಾಡಿದ್ದು ಒಂದೇ ಕೆಲಸ: ಎಸೆಯುವವರ ಕೈಯಿಂದ ವಸ್ತುವನ್ನು ತಡೆದು ಹಿ‌ಡಿದರು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿರಬಹುದು. ಒಂದು ಕನ್ನಡ ಸಂಘದ ಕೋಣೆಯ ಮೂಲೆಯಲ್ಲಿ ಒಂದು ಗುದ್ದಲಿ, ಒಂದು ಹಾರೆ, ಊರಿನಿಂದ ಬರುವಾಗ ತಂದ ಒಂದು ಬುತ್ತಿಯ ಡಬ್ಬಿ, ಒಂದು ಕೌದಿ — ಇಷ್ಟಕ್ಕೆ ಜಾಗ ಮಾಡುವುದು ಯಾರಿಂದಲೂ ಆಗದ ಕೆಲಸವಲ್ಲ. ಕಾಸರಗೋಡಿನ ಮನೆಗಳಲ್ಲಿ ಪದವಿನಿಂದ ಮುಳಿಹುಲ್ಲು ತಂದು ಮಾಡು ಹೊದಿಸಿದವರು ಇನ್ನೂ ಇದ್ದಾರೆ. ಹುಲ್ಲನ್ನು ಯಾವ ತಿಂಗಳು ಕೊಯ್ಯಬೇಕು, ಹೇಗೆ ಕಟ್ಟು ಕಟ್ಟಬೇಕು ಎಂಬುದು ಅವರೊಡನೆಯೇ ಹೋಗಿಬಿಟ್ಟರೆ ಮತ್ತೆ ಕೇಳಲು ಯಾರನ್ನೂ ಹುಡುಕಲಾಗದು.

ಹೋಗಬೇಕೆನ್ನುವ ವಾಚಕರಿಗೆ ಎರಡು ಸೂಚನೆಗಳು. ಸಡೆಯ ಹೂಗಳನ್ನು ನೋಡುವುದಿದ್ದರೆ ಆಗಸ್ಟಿನಿಂದ ಅಕ್ಟೋಬರ್ ಮೊದಲ ವಾರದ ಒಳಗೆ ಹೋಗಬೇಕು. ಹೂವಿನ ಮೇಲೆ ಕಾಲಿಡದೆ ಬಂಡೆಯ ಮೇಲೆಯೇ ನಡೆಯಬೇಕು, ಒಂದನ್ನೂ ಕೀಳಬಾರದು. ಉಸಗಾಳಿಮಳಕ್ಕೆ ಮಳೆಯ ಬಿರುಸು ಇಳಿದ ಮೇಲೆಯೇ ಹೋಗಬೇಕು. ಕೆತ್ತನೆಗಳ ಮೇಲೆ ಸುಣ್ಣ ಬಣ್ಣ ಬಳಿದು ಚಿತ್ರ ತೆಗೆಯುವ ಚಾಪಲ್ಯ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆಗಳು ತಾವಾಗಿಯೇ ಎದ್ದು ಕಾಣುತ್ತವೆ.

ಹಳೆಯ ಗೋವೆಯಲ್ಲಿ ೧೬೦೫ರಲ್ಲಿ ಪೂರ್ಣಗೊಂಡ ಬಾಮ್ ಜೀಸಸ್ ಬೆಸಿಲಿಕಾದ ಕೆಂಪು ಗೋಡೆಗಳನ್ನು ನೋಡಲು ದೇಶವಿದೇಶದ ಜನ ಬರುತ್ತಾರೆ. ಆ ಕಲ್ಲನ್ನು ಕಡಿದವನ ಹೆಸರು ಯಾವ ಗೈಡಿನ ಬಾಯಲ್ಲಿಯೂ ಬರುವುದಿಲ್ಲ. ನಾನೂರು ವರ್ಷದ ಹಿಂದಿನದಕ್ಕೆ ನಾವೇನೂ ಮಾಡಲಾರೆವು. ಆದರೆ ಮೂವತ್ತು, ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆ, ಬಾವಿ, ಬಂದರಿನ ಗೋಡೆಗಳ ಕಲ್ಲು ಹೊತ್ತವರು ಇನ್ನೂ ನಮ್ಮ ಮನೆಗಳ ಕಟ್ಟೆಯ ಮೇಲೆ ಕುಳಿತಿದ್ದಾರೆ. ಈ ತಿಂಗಳ ಒಂದು ಭಾನುವಾರ ಮಕ್ಕಳನ್ನು ಅವರ ಬಳಿ ಕೂರಿಸಿ; ಒಂದು ನೋಟುಪುಸ್ತಕ ಕೊಡಿ. ಹತಾರದ ಹೆಸರು, ಕಣಿಯ ಹೆಸರು, ಜೊತೆಗೆ ದುಡಿದವರ ಹೆಸರು, ಊರು ಬಿಟ್ಟ ವರ್ಷ — ಇಷ್ಟನ್ನು ಕನ್ನಡದಲ್ಲಿ ಬರೆದಿಡಲಿ. ಬರೆದುದನ್ನು ನಮಗೆ ಕಳಿಸಿದರೆ ಈ ಪುಟಗಳಲ್ಲಿ ಅದಕ್ಕೆ ಜಾಗ ಮಾಡುವ ಹೊಣೆ ನಮ್ಮದು.